ನಡೆಯದ ನಾಣ್ಯ, ಮುಳುಗಿದ ಕಲ್ಲು

"ತಮಿಳುನಾಡಿನ ಒಂದು ಪಾಳು ಗುಡಿ ಲಂಡನ್ ಕೋರ್ಟಲ್ಲಿ ಕೇಸು ಗೆದ್ದಿದೆ, ಗೊತ್ತಾ ಮಾವ?"

ಕೇಳಿದವಳು ಕಾನೂನು ಓದುತ್ತಿರುವ ಹುಡುಗಿ. ಕೇಳಿಸಿಕೊಂಡವರು ಅವಳ ಸೋದರಮಾವ, ಮಂಡ್ಯ ಸೀಮೆಯ ಬ್ಯಾಂಕ್ ಶಾಖೆಗಳಲ್ಲಿ ಕ್ಯಾಷ್ ಕೌಂಟರಿನ ಹಿಂದೆ ಕೂತೇ ತಲೆ ನರೆಸಿಕೊಂಡು ನಿವೃತ್ತರಾದವರು. ದೇವರ ವಿಷಯದಲ್ಲಿ ಅವರದು ಅಷ್ಟಕ್ಕಷ್ಟೆ. ದುಡ್ಡಿನ ವಿಷಯ ಬಂದರೆ ಮಾತ್ರ ಯಾರ ಮಾತನ್ನೂ ಎಣಿಸಿ ನೋಡದೆ ಒಪ್ಪುವವರಲ್ಲ.

"ಗುಡಿ ಲಂಡನ್‌ಗೆ ನಡ್ಕೊಂಡು ಹೋಯ್ತೋ, ವಿಮಾನ ಹತ್ತಿತೋ?" ಎಂದರು.

ಹುಡುಗಿ ಕಥೆ ಬಿಚ್ಚಿದಳು. 1976ರಲ್ಲಿ ಆಗಿನ ತಂಜಾವೂರು ಜಿಲ್ಲೆಯ ಪತ್ತೂರು ಎಂಬ ಹಳ್ಳಿಯಲ್ಲಿ ಕೂಲಿಯಾಳೊಬ್ಬನ ಗುದ್ದಲಿಗೆ ಚೋಳರ ಕಾಲದ ಕಂಚಿನ ನಟರಾಜ ಸಿಕ್ಕಿತು. ಅದು ಕೈಯಿಂದ ಕೈಗೆ ದಾಟಿ, ಸಮುದ್ರವನ್ನೂ ದಾಟಿ, 1982ರ ಹೊತ್ತಿಗೆ ಲಂಡನ್ ಸೇರಿತು. ಅಲ್ಲಿ ಕೆನಡಾದ ಕಂಪನಿಯೊಂದು ಅದನ್ನು ಕೊಂಡಿತು. ಪೊಲೀಸರು ವಿಗ್ರಹವನ್ನು ವಶಪಡಿಸಿಕೊಂಡಾಗ ಕಂಪನಿ ಕೋರ್ಟಿಗೆ ಹೋಯಿತು. ಎದುರು ನಿಂತವರಲ್ಲಿ ಭಾರತ ಸರ್ಕಾರವಿತ್ತು, ತಮಿಳುನಾಡು ಸರ್ಕಾರವಿತ್ತು, ಅವುಗಳ ಜೊತೆಗೆ ಬಹುಕಾಲದಿಂದ ಪಾಳುಬಿದ್ದಿದ್ದ ಆ ಹಳ್ಳಿಯ ಗುಡಿಯೂ ಇತ್ತು. ಇಂಗ್ಲೆಂಡಿನವರ ಲೆಕ್ಕದಲ್ಲಿ ಗುಡಿ ಅಂದರೆ ಕಲ್ಲು, ಗಾರೆ. ಭಾರತದಲ್ಲಿ ಅದು ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ವ್ಯಕ್ತಿ. ವಿಗ್ರಹ ಕಾನೂನಿನ ಕಣ್ಣಿಗೆ ವ್ಯಕ್ತಿಯೇ ಎಂದು ಪ್ರಿವಿ ಕೌನ್ಸಿಲ್ 1925ರಲ್ಲೇ ಹೇಳಿತ್ತು. 1991ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯ ಗುಡಿಯ ಹಕ್ಕನ್ನು ಎತ್ತಿಹಿಡಿಯಿತು. ನಟರಾಜ ತಮಿಳುನಾಡಿಗೆ ಮರಳಿದ.

"ಕಣ್ಣಿಗೆ ಕಾಣದ ಒಂದು ಒಪ್ಪಂದ ಐದು ಸಾವಿರ ಮೈಲಿ ಆಚೆ ಇದ್ದ ಕಂಚನ್ನ ಎಳ್ಕೊಂಡು ಬಂತು. ಮನುಷ್ಯರ ಸಂಸ್ಕೃತಿ ಅನ್ನೋದೆಲ್ಲ ಇಷ್ಟೇ ಮಾವ. ಎಲ್ಲರೂ ಸೇರಿ ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ."

"ಎಲ್ಲರೂ ಎಲ್ಲಿ ಅಂದ್ರು? ನಾಲ್ಕು ಜಡ್ಜುಗಳು ಅಂದ್ರು. ಕಾನೂನು ಹೂಂ ಅಂದ್ರೆ ಗುಡಿಯೂ ಮನುಷ್ಯ, ಕಂಪನಿಯೂ ಮನುಷ್ಯ. ಅದಕ್ಕೆ ನಂಬಿಕೆ ಯಾಕಮ್ಮ, ಪೊಲೀಸು ಸಾಕು."

"ಕಾನೂನೂ ಒಂದು ನಂಬಿಕೆಯೇ ಅಲ್ವಾ?"

"ಹಾಗಾದ್ರೆ ಕಾನೂನು ಹೂಂ ಅಂದದ್ದೆಲ್ಲ ನಡೀಬೇಕಿತ್ತು. ಹತ್ತು ರೂಪಾಯಿ ನಾಣ್ಯ ಯಾಕೆ ನಡೀಲಿಲ್ಲ ಹೇಳು, ನೋಡೋಣ."

ಅಲ್ಲಿಗೆ ಮಾತು ಅವರ ಅಂಗಳಕ್ಕೆ ಬಂದಂತಾಯಿತು. ಹತ್ತು ರೂಪಾಯಿಯ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. ನಡುವೆ ಒಂದು ಲೋಹ, ಸುತ್ತ ಉಂಗುರದಂತೆ ಇನ್ನೊಂದು ಲೋಹ. ನೋಡಲು ಚೆಂದದ ನಾಣ್ಯ. 2010ರ ಜುಲೈನಲ್ಲಿ ರೂಪಾಯಿಗೆ ಹೊಸ ಚಿಹ್ನೆ ಸಿಕ್ಕಿತು, ಮರುವರ್ಷದಿಂದ ಅದು ನಾಣ್ಯದ ಮೇಲೂ ಮೂಡಿತು. ಹೀಗಾಗಿ ಚಿಹ್ನೆ ಇರುವ, ಇಲ್ಲದ ನಾಣ್ಯಗಳು ಒಂದೇ ಜೇಬಿನಲ್ಲಿ ಬೆರೆತವು. ಆಮೇಲೆ ಎಲ್ಲಿಂದಲೋ ಗಾಳಿಮಾತು ಹಬ್ಬಿತು: ಚಿಹ್ನೆ ಇಲ್ಲದ್ದು ನಕಲಿ, ಅಂಚಿನಲ್ಲಿ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ಖೋಟಾ. ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ತರಕಾರಿಯವರು, ಆಟೊದವರು, ಕಿರಾಣಿ ಅಂಗಡಿಯವರು ಆ ನಾಣ್ಯಕ್ಕೆ ಕೈ ಚಾಚುವುದನ್ನೇ ಬಿಟ್ಟರು. ರಿಸರ್ವ್ ಬ್ಯಾಂಕ್ 2016ರಲ್ಲಿ ಒಮ್ಮೆ ಹೇಳಿತು. 2018ರ ಜನವರಿಯಲ್ಲಿ, ಈವರೆಗೆ 14 ವಿನ್ಯಾಸಗಳಲ್ಲಿ ನಾಣ್ಯ ಬಂದಿದೆ, ಹದಿನಾಲ್ಕೂ ಅಸಲಿ ಎಂದು ಇನ್ನೊಮ್ಮೆ ಬಿಡಿಸಿ ಹೇಳಿತು. 14440ಕ್ಕೆ ಕರೆ ಮಾಡಿದರೆ ವಿವರ ಕೇಳಿಸುವ ಏರ್ಪಾಡನ್ನೂ ಮಾಡಿತು. ಕಾನೂನು, ಟಂಕಸಾಲೆ, ಕೇಂದ್ರ ಬ್ಯಾಂಕು ಮೂರೂ ನಾಣ್ಯದ ಬೆನ್ನಿಗಿದ್ದವು. ಸಂತೆ ಮಾತ್ರ ಒಲ್ಲೆ ಎಂದಿತು.

"ಅಂಗಡಿಯವರಿಗೆ ಅದು ಅಸಲಿ ಅಂತ ಗೊತ್ತಿರಲಿಲ್ವಾ?"

"ಅದೇ ವಿಚಿತ್ರ. ಬಹಳ ಜನಕ್ಕೆ ಗೊತ್ತಿತ್ತು. ಕೌಂಟರಿಗೆ ಬಂದ ವ್ಯಾಪಾರಿಗೆ ನಾಣ್ಯದ ಥೈಲಿ ಕೊಡಕ್ಕೆ ಹೋದ್ರೆ, 'ನಂಗೊತ್ತು ಸಾರ್, ಇದು ಒಳ್ಳೆ ನಾಣ್ಯವೇ. ಆದ್ರೆ ಗಿರಾಕಿ ತಗೊಳಲ್ಲ' ಅನ್ನೋನು. ಗಿರಾಕಿನ ಕೇಳಿದ್ರೆ, 'ನಮ್ದೇನಿಲ್ಲ ಸಾರ್, ಅಂಗಡಿಯೋರು ತಗೊಳಲ್ಲ' ಅನ್ನೋನು. ಇಬ್ಬರೂ ನಾಣ್ಯ ನಂಬ್ತಾರೆ. ಒಬ್ಬರನ್ನೊಬ್ಬರು ನಂಬಲ್ಲ."

ಹುಡುಗಿ ಇದನ್ನು ನಿರೀಕ್ಷಿಸಿರಲಿಲ್ಲ. ನಂಬಿಕೆ ಎಂದರೆ ಒಬ್ಬೊಬ್ಬರ ಎದೆಯೊಳಗೆ ಇರುವ ವಸ್ತು, ಅವನ್ನೆಲ್ಲ ಕೂಡಿಸಿದರೆ ಸಮಾಜದ ನಂಬಿಕೆ ಎಂದು ಅವಳು ತಿಳಿದಿದ್ದಳು. ಕ್ಯಾಷಿಯರ್ ಹೇಳಿದ ಲೆಕ್ಕದಲ್ಲಿ ಕೂಡಿಸಿದ ಮೊತ್ತ ನೂರಕ್ಕೆ ನೂರು, ಫಲ ಸೊನ್ನೆ. ನಾಣ್ಯದ ಬೆಲೆಯನ್ನು ತೀರ್ಮಾನಿಸುವುದು ಪಕ್ಕದವನು ಏನು ಮಾಡುತ್ತಾನೆಂಬ ಊಹೆ; ಆ ಊಹೆ ಒಮ್ಮೆ ತಪ್ಪಾಗಿ ಬೇರೂರಿದರೆ ಸತ್ಯ ತಿಳಿದವರೂ ಅದಕ್ಕೆ ತಲೆಬಾಗಿ ನಡೆಯುತ್ತಾರೆ.

ಐವತ್ತು ಪೈಸೆಯ ಪಾಡು ಇನ್ನೂ ಕಷ್ಟದ್ದು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ರ ನಂತರ ಸರ್ಕಾರದ ಆದೇಶದಂತೆಯೇ ಸತ್ತವು. ಐವತ್ತು ಪೈಸೆಯನ್ನು ಯಾರೂ ಕೊಂದಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಯವರೆಗಿನ ಬಾಕಿಯನ್ನು ಐವತ್ತು ಪೈಸೆ ನಾಣ್ಯಗಳಲ್ಲೇ ತೀರಿಸಬಹುದು. ಹಾಗೆ ತೀರಿಸಲು ಹೊರಟವನನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡುತ್ತಾನೆ. ಅದರ ಬದಲು ಚಿಲ್ಲರೆಯಾಗಿ ಚಲಾವಣೆಗೆ ಬಂದದ್ದು ಮಿಠಾಯಿ. ಅದೂ ಒಂದೇ ದಿಕ್ಕಿನಲ್ಲಿ: ಅಂಗಡಿಯವನು ಕೊಡುತ್ತಾನೆ, ಎರಡು ಮಿಠಾಯಿ ವಾಪಸು ಕೊಟ್ಟು ಬೆಂಕಿಪೊಟ್ಟಣ ಕೇಳಿದರೆ ತೆಗೆದುಕೊಳ್ಳುವುದಿಲ್ಲ.

"ನೋಟಿನ ಮೇಲೆ ಗವರ್ನರ್ ಸಹಿ ಇರುತ್ತಲ್ಲ, ಧಾರಕನಿಗೆ ಇಷ್ಟು ರೂಪಾಯಿ ಕೊಡ್ತೀನಿ ಅಂತ," ಎಂದರು ಮಾವ. "ಆ ನೋಟು ತಗೊಂಡು ಹೋಗಿ ಕೊಡಪ್ಪ ಅಂದ್ರೆ ಏನು ಕೊಡ್ತಾರೆ? ಇನ್ನೊಂದು ನೋಟು. ಇಲ್ಲಾಂದ್ರೆ ನಾಣ್ಯ. ಮೈಸೂರಲ್ಲೇ ಅಚ್ಚು ಹಾಕ್ತಾರೆ, ಹತ್ತಿಯಿಂದ ಮಾಡಿದ ಕಾಗದ, ಹದಿನೇಳು ಭಾಷೆ. ಎಣಿಸುವಾಗ ನಮಗೆ ಅದೊಂದೂ ನೆನಪಿಗೆ ಬರ್ತಿರಲಿಲ್ಲ. ಬಂದಿದ್ರೆ ಕೆಲಸ ಮಾಡಕ್ಕೆ ಆಗ್ತಿರಲಿಲ್ಲ."

ಈಗ ಹುಡುಗಿಯ ಸರದಿ. ಅವಳ ಬಳಿಯೂ ಒಂದು ದುಡ್ಡಿನ ಕಥೆಯಿತ್ತು. ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಯಾಪ್ ಎಂಬ ದ್ವೀಪವಿದೆ. ಅಲ್ಲಿಯ ದೊಡ್ಡ ದುಡ್ಡು ಕಲ್ಲು: ನಡುವೆ ತೂತಿರುವ ಸುಣ್ಣದ ಕಲ್ಲಿನ ಚಕ್ರ. ಕೆಲವು ಅಂಗೈಯಷ್ಟು, ಕೆಲವು ಹನ್ನೆರಡು ಅಡಿ ಅಗಲ, ಟನ್‌ಗಟ್ಟಲೆ ಭಾರ. ಆ ಕಲ್ಲು ಯಾಪ್‌ನಲ್ಲಿ ಸಿಗುವುದಿಲ್ಲ. ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಪಲಾವು ದ್ವೀಪಗಳಿಗೆ ದೋಣಿಯಲ್ಲಿ ಹೋಗಿ, ಕಡಿದು, ತೆಪ್ಪದ ಮೇಲೆ ಹೇರಿ ತರಬೇಕು. ತಂದ ಮೇಲೆ ಹಾದಿಯ ಪಕ್ಕ ನಿಲ್ಲಿಸಿಬಿಡುತ್ತಾರೆ. ಮಗಳ ಮದುವೆಗೋ ಜಗಳದ ರಾಜಿಗೋ ಕೊಟ್ಟರೂ ಕಲ್ಲು ಕದಲುವುದಿಲ್ಲ. ಇವತ್ತಿನಿಂದ ಇದು ಇಂಥವರದು ಎಂದು ಊರಿಗೆ ಗೊತ್ತಾದರೆ ಸಾಕು.

1903ರಲ್ಲಿ ಅಲ್ಲಿ ಉಳಿದು ಬಂದ ವಿಲಿಯಂ ಹೆನ್ರಿ ಫರ್ನೆಸ್ ಎಂಬ ಅಮೆರಿಕನ್ ವೈದ್ಯ 1910ರಲ್ಲಿ ಪುಸ್ತಕ ಬರೆದ. ಅದರಲ್ಲಿ ಊರಿನ ಅತಿ ಶ್ರೀಮಂತ ಮನೆತನವೊಂದರ ವೃತ್ತಾಂತವಿದೆ. ಅವರ ಸಂಪತ್ತಿನ ಕಲ್ಲನ್ನು ಬದುಕಿರುವವರು ಯಾರೂ ಕಂಡಿರಲಿಲ್ಲ. ಎರಡು ಮೂರು ತಲೆಮಾರಿನ ಹಿಂದೆ ತರುವಾಗ ಬಿರುಗಾಳಿಗೆ ಸಿಕ್ಕಿ ಕಲ್ಲು ಸಮುದ್ರದ ತಳ ಸೇರಿತ್ತು. ತಂದವರು ದಡ ಸೇರಿ, ಕಲ್ಲು ಬಹಳ ದೊಡ್ಡದಿತ್ತು, ಕಳೆದದ್ದು ನಮ್ಮ ತಪ್ಪಿನಿಂದಲ್ಲ ಎಂದು ಸಾಕ್ಷಿ ನುಡಿದರು. ಊರು ಒಪ್ಪಿತು. ಕಲ್ಲು ನೀರೊಳಗಿದ್ದುಕೊಂಡೇ ದುಡ್ಡಾಗಿ ಮುಂದುವರಿಯಿತು.

"ಇನ್ನೂ ಇದೆ ಮಾವ. 1899ರಲ್ಲಿ ಜರ್ಮನಿಯೋರು ಸ್ಪೇನಿನಿಂದ ಆ ದ್ವೀಪಗಳನ್ನ ಕೊಂಡ್ಕೊಂಡ್ರು. ಹಾದಿ ರಿಪೇರಿ ಮಾಡಿ ಅಂದ್ರೆ ಊರವರು ಕಿವಿಗೆ ಹಾಕ್ಕೊಳಲಿಲ್ಲ. ದಂಡ ಹಾಕಬೇಕು, ಕಲ್ಲು ಹೊತ್ಕೊಂಡು ಹೋಗೋರು ಯಾರು? ಒಬ್ಬ ಆಳನ್ನ ಕಳಿಸಿ ಒಳ್ಳೊಳ್ಳೆ ಕಲ್ಲುಗಳ ಮೇಲೆ ಕಪ್ಪು ಬಣ್ಣದಲ್ಲಿ ಇಂಟು ಮಾರ್ಕ್ ಹಾಕಿಸಿದ್ರು, ಇದು ಸರ್ಕಾರದ್ದು ಅಂತ. ಊರಿಗೆ ಊರೇ ಬಡವಾಯ್ತು. ಹಾದಿಯೆಲ್ಲ ನೆಟ್ಟಗಾಯ್ತು. ಬಣ್ಣ ಅಳಿಸಿದ್ರು, ಮತ್ತೆ ಸಾಹುಕಾರರಾದ್ರು."

ಮಾವ ಗಟ್ಟಿಯಾಗಿ ನಕ್ಕರು. ಆದರೆ ಒಪ್ಪಲಿಲ್ಲ. "ಇದನ್ನ ನಂಬಿಕೆ ಅನ್ನಬೇಡ. ಇದು ಲೆಡ್ಜರ್. ಪುಟ್ಟ ದ್ವೀಪ, ಎಲ್ಲರಿಗೂ ಎಲ್ಲರ ಮನೆ ಲೆಕ್ಕ ಗೊತ್ತು. ಕಲ್ಲು ಬರೀ ನೆಪ. ಖಾತೆ ಬದಲಾವಣೆ ಜನರ ತಲೆಯಲ್ಲೇ ನಡೀತದೆ. ನಾವು ಪುಸ್ತಕದಲ್ಲಿ ಬರೀತಿದ್ವಿ, ಈಗ ಕಂಪ್ಯೂಟರಲ್ಲಿ."

"ಹಾಗಿದ್ರೆ ಕಲ್ಲು ದೊಡ್ಡದೋ ಚಿಕ್ಕದೋ ಎಲ್ಲ ಒಂದೇ ಆಗಬೇಕಿತ್ತು. ಹಾಗಾಗಲಿಲ್ಲ," ಎಂದು ಹುಡುಗಿ ಓ'ಕೀಫ್‌ನನ್ನು ಮುಂದೆ ತಂದಳು. 1870ರ ದಶಕದಲ್ಲಿ ಯಾಪ್ ಸೇರಿದ ಈ ಐರಿಷ್ ಮೂಲದ ಹಡಗಿನ ಕಪ್ತಾನ ಕಬ್ಬಿಣದ ಹತಾರಗಳನ್ನು ಒದಗಿಸಿ, ತನ್ನ ಹಡಗಿನಲ್ಲೇ ಪಲಾವಿನಿಂದ ಕಲ್ಲು ಸಾಗಿಸಿಕೊಟ್ಟು, ಬದಲಿಗೆ ಒಣಕೊಬ್ಬರಿ ಪಡೆದ. ಕಲ್ಲುಗಳು ಹಿಂದೆಂದಿಗಿಂತ ದೊಡ್ಡದಾದವು, ಹೆಚ್ಚಾದವು. ಊರವರು ಅವನ್ನು ತೆಗೆದುಕೊಂಡರು. ಆದರೆ ಜೀವ ಪಣಕ್ಕಿಟ್ಟು ತೆಪ್ಪದಲ್ಲಿ ತಂದ ಹಳೆಯ ಚಿಕ್ಕ ಕಲ್ಲಿಗೆ ಕೊಟ್ಟ ಬೆಲೆಯನ್ನು ಇವಕ್ಕೆ ಕೊಡಲಿಲ್ಲ. ಕಲ್ಲಿನ ಹಿಂದೆ ಯಾರ ಹೆಸರಿದೆ, ಯಾರು ಸತ್ತರು, ಯಾವ ರಾಜಿಗೆ ಕೊಟ್ಟದ್ದು ಎಂಬುದೆಲ್ಲ ಬೆಲೆಯೊಳಗೆ ಸೇರಿತ್ತು. ಲೆಡ್ಜರಿನಲ್ಲಿ ಅಂಕಿ ಇರುತ್ತದೆ, ಚರಿತ್ರೆ ಇರುವುದಿಲ್ಲ. ಈ ಒಂದು ವಾದದಲ್ಲಿ ಹುಡುಗಿಯೇ ಗೆದ್ದಳು ಎನ್ನಬೇಕು.

ದ್ವೀಪದವರು ಮುಗ್ಧರು ಎಂದು ಮುಗುಳ್ನಗುವವರಿಗೆ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1991ರಲ್ಲಿ ಒಂದು ಬರಹದಲ್ಲಿ ಉತ್ತರ ಕೊಟ್ಟಿದ್ದಾನೆ. 1932ರ ಸುಮಾರಿಗೆ ಫ್ರಾನ್ಸಿನ ಕೇಂದ್ರ ಬ್ಯಾಂಕಿಗೆ ಡಾಲರಿನ ಮೇಲೆ ಅನುಮಾನ ಹುಟ್ಟಿ, ತನ್ನ ಡಾಲರಿನ ಬಹುಪಾಲನ್ನು ಚಿನ್ನವಾಗಿ ಬದಲಿಸಲು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕನ್ನು ಕೇಳಿತು. ಚಿನ್ನವನ್ನು ಹಡಗಿನಲ್ಲಿ ಸಾಗಿಸುವ ರಗಳೆ ಯಾಕೆಂದು, ನೆಲಮಾಳಿಗೆಯಲ್ಲಿದ್ದ ಗಟ್ಟಿಗಳನ್ನು ಬೇರೆ ಖಾನೆಗಳಿಗೆ ಸರಿಸಿ, ಇದು ಫ್ರಾನ್ಸಿನದು ಎಂದು ಚೀಟಿ ಅಂಟಿಸಿದರು. ಪತ್ರಿಕೆಗಳು ಅಮೆರಿಕದ ಚಿನ್ನ ಕರಗುತ್ತಿದೆ ಎಂದು ಬೊಬ್ಬೆ ಹೊಡೆದವು, ಡಾಲರು ಸೊರಗಿತು. ಜರ್ಮನ್ನರ ಕಪ್ಪು ಬಣ್ಣಕ್ಕೂ ನ್ಯೂಯಾರ್ಕಿನ ಚೀಟಿಗೂ ವ್ಯತ್ಯಾಸವೇನು ಎಂಬುದು ಫ್ರೀಡ್‌ಮನ್ನನ ಪ್ರಶ್ನೆ.

"ಫ್ರಾನ್ಸ್ ಹೇಳಿದ ಮಾತು ನಡೀತು. 1991ರಲ್ಲಿ ನಮ್ಮ ಮಾತು ನಡೀಲಿಲ್ಲ," ಎಂದರು ಮಾವ. ಅವರ ದನಿಯಲ್ಲಿ ಹಳೆಯ ಸಿಟ್ಟಿತ್ತು. ಆ ವರ್ಷ ವಿದೇಶಿ ವಿನಿಮಯ ಬರಿದಾಗಿ, ಭಾರತ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಒತ್ತೆಯಿಟ್ಟು ಸುಮಾರು 40 ಕೋಟಿ ಡಾಲರು ತಂದಿತು. "ನಮ್ಮ ತಿಜೋರಿಯಲ್ಲೇ ಇರಲಿ, ನಿಮ್ಮದು ಅಂತ ಚೀಟಿ ಅಂಟಿಸ್ತೀವಿ ಅಂದ್ರೆ ಯಾರೂ ಕೇಳಲಿಲ್ಲ. ಜುಲೈನಲ್ಲಿ ವಿಮಾನಕ್ಕೆ ಹೇರಿ ಕಳಿಸಬೇಕಾಯ್ತು. ಚಿನ್ನಕ್ಕಿಂತ ಮುಂಚೆ ಹೊರಗೆ ಹೋಗಿದ್ದು ಮರ್ಯಾದೆ."

ಸಾಲ ತೀರಿತು. 2009ರಲ್ಲಿ ಭಾರತ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು. 2024ರಲ್ಲಿ ಇಂಗ್ಲೆಂಡಿನಲ್ಲಿದ್ದ ತನ್ನದೇ ಸುಮಾರು 100 ಟನ್ನನ್ನು ಊರಿಗೆ ತಂದಿಟ್ಟುಕೊಂಡಿತು. ಕೋಲಾರದ ಜನ ಮೂರು ಕಿಲೋಮೀಟರಿಗೂ ಆಳಕ್ಕಿಳಿದು ನೆಲದೊಳಗಿನಿಂದ ತೆಗೆದುಕೊಟ್ಟ ಲೋಹವನ್ನು ಲೋಕದ ಬ್ಯಾಂಕುಗಳು ಮತ್ತೆ ನೆಲದೊಳಗೇ ಇಡುತ್ತವೆ. ಅದು ಯಾವ ದೇಶದ ನೆಲ ಎನ್ನುವುದರ ಮೇಲೆ ಸರ್ಕಾರಗಳು ನಿದ್ದೆಗೆಡುತ್ತವೆ.

ಹುಡುಗಿ ಕೇಳಿದಳು: "ಸರಿ, ರಾಜನೇ ನಿಂತು, ಇದನ್ನ ನಂಬಿ ಅಂತ ಆಜ್ಞೆ ಮಾಡಿದ್ರೆ?"

"ತುಘಲಕ್ ಮಾಡಿದ್ನಲ್ಲ."

ಗಿರೀಶ ಕಾರ್ನಾಡರ 1964ರ ನಾಟಕದಿಂದಾಗಿ ಮಹಮ್ಮದ್ ಬಿನ್ ತುಘಲಕ್ ಕನ್ನಡಿಗರಿಗೆ ಮನೆಯವನಷ್ಟೇ ಪರಿಚಿತ. 1330ರ ಆಸುಪಾಸಿನಲ್ಲಿ ಅವನು ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ, ಬೆಳ್ಳಿಯ ಟಂಕಕ್ಕೆ ಇವು ಸಮ ಎಂದ. ಮನೆಮನೆಯೂ ಟಂಕಸಾಲೆಯಾಯಿತು ಎಂದು ಆ ಕಾಲದ ಚರಿತ್ರೆಕಾರ ಬರನಿ ದೂರುತ್ತಾನೆ. ಕೊನೆಗೆ ಸುಲ್ತಾನ ತಾಮ್ರ ತಂದವರಿಗೆಲ್ಲ ಖಜಾನೆಯಿಂದ ಬೆಳ್ಳಿ ಕೊಟ್ಟು ಕೈ ತೊಳೆದುಕೊಂಡ. ತಾಮ್ರದ ರಾಶಿಗಳು ತುಘಲಕಾಬಾದಿನಲ್ಲಿ ಬಹುಕಾಲ ಬಿದ್ದಿದ್ದವು.

"ಹುಚ್ಚು ದೊರೆ," ಎಂದಳು ಹುಡುಗಿ.

"ಯಾಕೆ ಹುಚ್ಚು? ಇವತ್ತು ನಿನ್ನ ಪರ್ಸಲ್ಲಿರೋದು ಅದೇ ತಾನೆ? ಅವನ ಯೋಚನೆ ಸರಿ, ಅಚ್ಚು ಸರಿಯಿರಲಿಲ್ಲ. ಜನ ನಂಬಲಿಲ್ಲ ಅಂತೀಯ, ನಂಬದೆ ಇದ್ರೆ ಖೋಟಾ ಯಾಕೆ ಹೊಡೀತಿದ್ರು? ನಡೆಯೋ ದುಡ್ಡಿಗೇ ನಕಲಿ ಹುಟ್ಟೋದು. ಐವತ್ತು ಪೈಸೆಗೆ ಯಾರಾದರೂ ಖೋಟಾ ಹೊಡೀತಾರಾ?"

ಈ ಮಾತಿಗೆ ಸೊಮಾಲಿಯಾ ಇನ್ನೂ ದೊಡ್ಡ ಪುರಾವೆ. 1991ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ಕುಸಿದುಬಿತ್ತು, ಕೇಂದ್ರ ಬ್ಯಾಂಕೂ ಮುಚ್ಚಿತು. ಸಹಿ ಹಾಕುವ ಗವರ್ನರ್ ಇಲ್ಲ, ಹಿಂದೆ ನಿಲ್ಲುವ ಖಜಾನೆ ಇಲ್ಲ. ಆದರೂ ಸೊಮಾಲಿ ಶಿಲ್ಲಿಂಗ್ ಮಾರುಕಟ್ಟೆಯಲ್ಲಿ ಓಡಾಡುತ್ತಲೇ ಇತ್ತು. ಹಳೆಯ ನೋಟು ಹರಿದು ಚಿಂದಿಯಾದ ಹಾಗೆ ಯುದ್ಧದ ನಾಯಕರೂ ವರ್ತಕರೂ ಹೊರದೇಶಗಳಲ್ಲಿ ಅಂಥವೇ ಸಾವಿರ ಶಿಲ್ಲಿಂಗಿನ ನೋಟು ಅಚ್ಚು ಹಾಕಿಸಿ ತಂದರು. ಅಲ್ಲಿ ಓಡಾಡುವ ನೋಟುಗಳಲ್ಲಿ ಸುಮಾರು ನೂರಕ್ಕೆ 98 ನಕಲಿ ಎಂದು ಐಎಂಎಫ್ ಹೇಳಿದೆ. ಪೇಟೆಗೆ ಇದು ಗೊತ್ತಿತ್ತು. ಗೊತ್ತಿದ್ದೇ ತೆಗೆದುಕೊಂಡರು, ಬೆಲೆ ಮಾತ್ರ ಕಾಗದ ಮತ್ತು ಮಸಿಯ ಖರ್ಚಿನ ಹತ್ತಿರ ಬಂದು ನಿಂತಿತು. ನಮ್ಮಲ್ಲಿ ಅಸಲಿ ನಾಣ್ಯವನ್ನು ನಕಲಿಯೆಂದು ತಳ್ಳಿದರು, ಅಲ್ಲಿ ನಕಲಿ ನೋಟನ್ನು ನಕಲಿಯೆಂದು ತಿಳಿದೇ ಜೇಬಿಗಿಳಿಸಿದರು. ಇಬ್ಬರ ಲೆಕ್ಕಾಚಾರವೂ ಒಂದೇ: ಮುಂದಿನವನು ತಗೊಳ್ಳುತ್ತಾನಾ?

"ಹುಟ್ಟಿಸೋದು ಕಷ್ಟ, ಕೊಲ್ಲೋದು ಸುಲಭ ಇರಬೇಕು," ಎಂದಳು ಹುಡುಗಿ. "2016ರಲ್ಲಿ ಒಂದೇ ರಾತ್ರಿ ಮುಗಿಸಿದ್ರಲ್ಲ."

ಮಾವನಿಗೆ ಆ ವಾರಗಳು ಇನ್ನೂ ಮರೆತಿಲ್ಲ. ನವೆಂಬರ್ 8ರ ರಾತ್ರಿ ಎಂಟಕ್ಕೆ ನೋಟು ರದ್ದತಿಯ ಘೋಷಣೆ. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡ 86ರಷ್ಟು, ಸುಮಾರು 15.4 ಲಕ್ಷ ಕೋಟಿ ರೂಪಾಯಿಯ ನೋಟುಗಳು ನಡುರಾತ್ರಿಗೆ ಕಾಗದವಾದವು. ಶೇಕಡ 99ಕ್ಕೂ ಹೆಚ್ಚು ಬ್ಯಾಂಕಿಗೆ ವಾಪಸು ಬಂತು. ಬಂದದ್ದನ್ನು ಎಣಿಸಿದವರು ಅವರಂಥವರು.

"ಕೊಲ್ಲೋದೂ ಅಷ್ಟು ಸುಲಭ ಅಲ್ಲ ಪುಟ್ಟಿ. ಇರಾಕ್ ನೋಡು."

ಇರಾಕಿನ ಹಳೆಯ ದಿನಾರ್ ನೋಟುಗಳನ್ನು ಇಂಗ್ಲೆಂಡಿನಲ್ಲಿ ಮುದ್ರಿಸುತ್ತಿದ್ದರು; ಅಚ್ಚಿನ ಫಲಕಗಳು ಸ್ವಿಟ್ಜರ್ಲೆಂಡಿನವು, ಹಾಗಾಗಿ ಜನ ಅದನ್ನು ಸ್ವಿಸ್ ದಿನಾರ್ ಅಂದರು. ಕೊಲ್ಲಿ ಯುದ್ಧದ ದಿಗ್ಬಂಧನದ ನಂತರ ಸದ್ದಾಂ ಸರ್ಕಾರ ತನ್ನಲ್ಲೇ ಒರಟಾಗಿ ಹೊಸ ನೋಟು ಮುದ್ರಿಸಿತು. 1993ರಲ್ಲಿ ಹಳೆಯ 25 ದಿನಾರ್ ನೋಟನ್ನು ರದ್ದು ಮಾಡಿ, ಬದಲಿಸಿಕೊಳ್ಳಲು ಮೂರು ವಾರ ಕೊಟ್ಟಿತು. ಉತ್ತರದ ಕುರ್ದ್ ಪ್ರದೇಶ ಆಗ ಬಾಗ್ದಾದಿನ ಹಿಡಿತದಲ್ಲಿರಲಿಲ್ಲ. ಅಲ್ಲಿಯವರಿಗೆ ಬದಲಿಸುವ ದಾರಿಯೇ ಇರಲಿಲ್ಲ. ಅವರು ರದ್ದಾದ ನೋಟಿನಲ್ಲೇ ವ್ಯಾಪಾರ ಮುಂದುವರಿಸಿದರು. ಯಾವ ಸರ್ಕಾರದ ಬೆಂಬಲವೂ ಇಲ್ಲದ, ಹೊಸದಾಗಿ ಒಂದೂ ಮುದ್ರಣವಾಗದ ಆ ನೋಟು ಹತ್ತು ವರ್ಷ ಬದುಕಿತು. 2003ರಲ್ಲಿ ಇಡೀ ದೇಶಕ್ಕೆ ಹೊಸ ದಿನಾರ್ ತಂದಾಗ ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್ ಕೊಟ್ಟರು. ಸದ್ದಾಮನ ಮುಖವಿದ್ದ ನೋಟಿಗೆ ಸಿಕ್ಕದ್ದು ಒಂದಕ್ಕೆ ಒಂದು.

"ಹಾಗಾದ್ರೆ ಮೋದಿ ಮಾಡಿದ್ದು ನಡೀತು, ಸದ್ದಾಂ ಮಾಡಿದ್ದು ನಡೀಲಿಲ್ಲ, ರಿಸರ್ವ್ ಬ್ಯಾಂಕ್ ಹತ್ತು ರೂಪಾಯಿ ನಾಣ್ಯ ಒಳ್ಳೇದು ಅಂದಿದ್ದೂ ನಡೀಲಿಲ್ಲ. ಸೂತ್ರ ಎಲ್ಲಿದೆ ಮಾವ?"

ಸೂತ್ರ ಇರುವುದು ಸುದ್ದಿ ತಲುಪಿದ ಬಗೆಯಲ್ಲಿ. ನವೆಂಬರ್ 8ರ ಮಾತನ್ನು ದೇಶವೆಲ್ಲ ಒಂದೇ ಹೊತ್ತಿಗೆ ಟಿ.ವಿ. ಮುಂದೆ ಕೂತು ಕೇಳಿತು. ಎಲ್ಲರಿಗೂ ಗೊತ್ತಾಯಿತು, ಎಲ್ಲರಿಗೂ ಗೊತ್ತಾಗಿದೆ ಎಂಬುದೂ ಎಲ್ಲರಿಗೂ ಗೊತ್ತಾಯಿತು. ಮರುದಿನ ಬೆಳಿಗ್ಗೆ ಐನೂರರ ನೋಟು ಹಿಡಿದು ಹಾಲಿಗೆ ಹೋದವನಿಗೆ ಅಂಗಡಿಯವನು ಏನನ್ನುತ್ತಾನೆಂದು ಊಹಿಸುವ ಕಷ್ಟವೇ ಇರಲಿಲ್ಲ. ಬದಲಿಸಿಕೊಳ್ಳಲು ಬ್ಯಾಂಕುಗಳು ತೆರೆದಿದ್ದವು ಎಂಬುದೂ ಅಷ್ಟೇ ಮುಖ್ಯ, ಕುರ್ದರಿಗೆ ಇಲ್ಲದಿದ್ದದ್ದು ಅದು. ನಾಣ್ಯದ ಸ್ಪಷ್ಟನೆ ಬಂದದ್ದು ಪತ್ರಿಕಾ ಪ್ರಕಟಣೆಯಾಗಿ. ಒಬ್ಬೊಬ್ಬರು ಒಂದೊಂದು ದಿನ, ಒಬ್ಬೊಬ್ಬರೇ ಓದಿಕೊಂಡರು. ಓದಿದವನಿಗೆ ಪಕ್ಕದ ಅಂಗಡಿಯವನೂ ಓದಿದ್ದಾನೆಂಬ ಧೈರ್ಯ ಬರಲಿಲ್ಲ.

"ಅದಕ್ಕೇ ಹಳ್ಳಿಗಳಲ್ಲಿ ತಮಟೆ ಸಾರೋದು," ಎಂದರು ಮಾವ. "ಮನೆಮನೆಗೆ ಚೀಟಿ ಹಂಚಬಹುದಲ್ಲ? ತಮಟೆ ಹೊಡೆದ್ರೆ ನಾನು ಕೇಳಿದ್ದು ನಿನಗೆ ಗೊತ್ತು, ನೀನು ಕೇಳಿದ್ದು ನನಗೆ ಗೊತ್ತು. ನಾಳೆ ನೀರಗಂಡಿ ಯಾರ ಸರದಿ ಅಂತ ಯಾರೂ ತಕರಾರು ತೆಗೆಯೋ ಹಾಗಿಲ್ಲ."

ಹುಡುಗಿ ಅದನ್ನು ಜಾತ್ರೆಗೆ ಎಳೆದಳು. ತೇರಿನ ಹಗ್ಗಕ್ಕೆ ಊರಿಗೆ ಊರೇ ಕೈ ಹಚ್ಚುವಾಗ ಒಬ್ಬರನ್ನೊಬ್ಬರು ನೋಡುತ್ತಾರೆ. ದೇವರಿಗೆ ಸಲ್ಲುವ ಭಕ್ತಿಯ ಜೊತೆಗೆ, ನಾವೆಲ್ಲ ಇನ್ನೂ ಇದ್ದೇವೆ ಎಂಬ ವರದಿಯೂ ಅಲ್ಲಿ ಸಲ್ಲಿಕೆಯಾಗುತ್ತದೆ. ಮೈಕೆಲ್ ಚ್ವೆ ಎಂಬ ಅಮೆರಿಕದ ವಿದ್ವಾಂಸ 2001ರಲ್ಲಿ ಆಚರಣೆಗಳ ಬಗ್ಗೆ ಬರೆದ ಪುಸ್ತಕದ ತಿರುಳೂ ಇದೇ. ಮದುವೆಯಲ್ಲಿ ಊರು ಕರೆದು ಊಟ ಹಾಕುವುದೂ ಸಾಕ್ಷಿಗಾಗಿಯೇ. ಯಾಪ್‌ನ ಮುಳುಗಿದ ಕಲ್ಲಿಗೆ ಬೆಲೆ ಬಂದದ್ದು ಊರಿನ ಎದುರು ಸಾಕ್ಷಿ ನುಡಿದದ್ದರಿಂದ.

"ಸಾಕ್ಷಿ ಇಲ್ಲದೆ ಹೋದ್ರೆ ದೇವರೂ ಸೋಲ್ತಾನೆ. ಕೊಡಗಿನ ದೇವರಕಾಡು ನೋಡಿ," ಎಂದಳು.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಹಲವು ಅಯ್ಯಪ್ಪನವು, ಹರಕೆಗೆ ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಮರ ಕಡಿಯಬಾರದು, ಬೇಟೆಯಾಡಬಾರದು. ಬೇಲಿಯಿಲ್ಲ, ಕಾವಲುಗಾರನಿಲ್ಲ; ತಲೆತಲಾಂತರ ಉಳಿದದ್ದು ಒಂದು ಭಯದಿಂದ, ಒಂದು ಗೌರವದಿಂದ. ಇಪ್ಪತ್ತನೇ ಶತಮಾನದಲ್ಲಿ ಅವುಗಳ ವಿಸ್ತೀರ್ಣ ಅರ್ಧಕ್ಕಿಂತ ಕೆಳಗಿಳಿಯಿತು. ಕಾಫಿ ತೋಟ ಒಂದೊಂದೇ ಸಾಲು ಒಳಗೆ ಸರಿಯಿತು, ಮನೆಗಳೆದ್ದವು.

"ದೇವರ ಮೇಲಿನ ಭಯ ಹೋಯ್ತು, ಅಷ್ಟೇ," ಎಂದರು ಮಾವ.

"ಭಯ ಹೋಗಿದ್ರೆ ಹಬ್ಬ ಯಾಕೆ ಮಾಡ್ತಾರೆ? ಒಬ್ಬ ತನ್ನ ತೋಟದ ಬೇಲಿ ಸರಿಸಿದ. ಏನೂ ಆಗಲಿಲ್ಲ. ಶಾಪ ತಟ್ಟಲಿಲ್ಲ ಅನ್ನೋದಕ್ಕಿಂತ ಊರವರು ಯಾರೂ ಕೇಳಲಿಲ್ಲ ಅನ್ನೋದು ಪಕ್ಕದವನಿಗೆ ಕಾಣಿಸ್ತು. ನಾನು ಬಿಟ್ರೆ ಇನ್ನೊಬ್ಬ ತಗೋತಾನೆ ಅನ್ನೋ ಲೆಕ್ಕ ಶುರುವಾಯ್ತು. ದೇವರನ್ನ ಎಲ್ಲರೂ ನಂಬ್ತಾರೆ ಮಾವ. ಒಬ್ಬರನ್ನೊಬ್ಬರು ನಂಬಲ್ಲ."

ತಮ್ಮದೇ ಮಾತು ತಿರುಗಿ ಬಂದದ್ದನ್ನು ಮಾವ ಗಮನಿಸಿದರು. ಆದರೂ ಸುಮ್ಮನಾಗಲಿಲ್ಲ: ಕಾಫಿ ಬೆಲೆ, ಪಾಲಾಗಿ ಒಡೆದ ಜಮೀನು, ಕಂದಾಯ ದಾಖಲೆಗಳ ಗೊಂದಲ, ಇವನ್ನೆಲ್ಲ ನಂಬಿಕೆಯ ಖಾತೆಗೇ ಬರೆಯುವುದು ಅನ್ಯಾಯ ಎಂದರು. ಅದು ನಿಜವೂ ಹೌದು. ಸಂಸ್ಕೃತಿಯನ್ನು ಬರೀ ನಂಬಿಕೆಯಿಂದ ವಿವರಿಸಲು ಹೊರಟವರು ಹೊಟ್ಟೆಪಾಡನ್ನು ಮರೆಯುತ್ತಾರೆ, ಹೊಟ್ಟೆಪಾಡಿನಿಂದಲೇ ವಿವರಿಸುವವರು ಕೊಡಗಿನಲ್ಲಿ ಇನ್ನೂ ಉಳಿದಿರುವ ನೂರಾರು ಕಾಡುಗಳ ಮುಂದೆ ತಬ್ಬಿಬ್ಬಾಗುತ್ತಾರೆ. ಹುಡುಗಿಯ ವಾದದಲ್ಲಿ ಉತ್ಸಾಹ ಒಂದು ತೂಕ ಹೆಚ್ಚಿತ್ತು.

ಕೊನೆಯಲ್ಲಿ ಅವಳು ಕೇಳಿದ್ದು ತೀರಾ ಸಣ್ಣ ಪ್ರಶ್ನೆ. ಅಜ್ಜಿಯ ಸೀರೆ ಪೆಟ್ಟಿಗೆಯಲ್ಲಿ ಎರಡು ಸಾವಿರದ ನೋಟು ಸಿಕ್ಕಿದೆ, ಸುಟ್ಟುಹಾಕುವುದೋ, ನೆನಪಿಗೆ ಇಟ್ಟುಕೊಳ್ಳುವುದೋ?

ಮಾವ ಕ್ಯಾಷಿಯರ್ ಆದರು. ಆ ನೋಟನ್ನು 2023ರ ಮೇ 19ರಂದು ಚಲಾವಣೆಯಿಂದ ಹಿಂದಕ್ಕೆ ಪಡೆಯುವ ಘೋಷಣೆಯಾಯಿತು. ರದ್ದಾಗಲಿಲ್ಲ. ಶೇಕಡ 98ಕ್ಕೂ ಹೆಚ್ಚು ವಾಪಸು ಬಂದಿದೆ, ಉಳಿದದ್ದು ಕಾನೂನಿನ ಪ್ರಕಾರ ಇಂದಿಗೂ ಹಣವೇ, ಯಾವ ಅಂಗಡಿಯವನೂ ಮುಟ್ಟದಿದ್ದರೂ. ಸಾಮಾನ್ಯ ಬ್ಯಾಂಕ್ ಶಾಖೆಗಳು 2023ರ ಅಕ್ಟೋಬರ್ 7ರ ನಂತರ ತೆಗೆದುಕೊಳ್ಳುತ್ತಿಲ್ಲ. ರಿಸರ್ವ್ ಬ್ಯಾಂಕಿನ 19 ಕಚೇರಿಗಳು ತೆಗೆದುಕೊಳ್ಳುತ್ತವೆ, ಅವುಗಳಲ್ಲಿ ಒಂದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ. ಅಲ್ಲಿಗೆ ಹೋಗಲಾಗದವರು ಅಂಚೆಯ ಮೂಲಕ ಕಳಿಸಬಹುದು, ಹಣ ಖಾತೆಗೆ ಜಮೆಯಾಗುತ್ತದೆ. ಇಂಥ ನೋಟು ಮನೆಯಲ್ಲಿ ಸಿಕ್ಕರೆ ಯಾರೂ ಸುಡಬೇಡಿ.